ಹುಬ್ಬಳ್ಳಿನೋ ಧಾರವಾಡನೋ, ಯಾವುದು ಸುರಕ್ಷಿತ? ಲೆಕ್ಕ ಗೊತ್ತಿದ್ದೋರು ಹೇಳ್ರಿ

ಕೆಲಗೇರಿ_ಕೆರೆ

ಹುಬ್ಬಳ್ಳಿ ಗಲಾಟೆ ಊರು, ಧಾರವಾಡ ಶಾಂತ ಊರು ಅನ್ನೋ ಮಾತು ಎಲ್ಲಾ ಕಡೆ ಓಡಾಡ್ತದ. ಬಾಡಿಗಿ ಮನಿ ಹುಡುಕೋರು, ಮಕ್ಕಳನ್ನ ಪಿಜಿಗೆ ಬಿಡೋರು ಇದನ್ನ ನಂಬಿ ತೀರ್ಮಾನ ತಗೋತಾರ. ಇದಕ್ಕ ಅಂಕಿ-ಅಂಶದ ಆಧಾರ ಏನರ ಐತೇನು? ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ವರದಿಯೊಳಗ ಎರಡೂ ಊರಿನ ಲೆಕ್ಕ ಬ್ಯಾರೆ ಬ್ಯಾರೆ ಸಿಗತದೇನು? ಬೆಳಗಾವಿ ಜೋಡಿ ಹೋಲಿಸಿದ್ರ ಹೆಂಗ? "ನಮ್ಮೂರು ಛಲೋ" ಅನ್ನೋ ಉತ್ತರ ಬ್ಯಾಡ್ರಿ.

ಛೇದಾಂಶ

ಬೇರೆ ಬೇರೆ ಸಿಗುವುದಿಲ್ಲ. ಎರಡೂ ಊರು ಸೇರಿ ಒಂದೇ ಪೊಲೀಸ್ ಕಮಿಷನರೇಟ್. ಹಾಗಾಗಿ ಎನ್‌ಸಿಆರ್‌ಬಿಯ ವಾರ್ಷಿಕ ವರದಿ ‘ಕ್ರೈಮ್ ಇನ್ ಇಂಡಿಯಾ’ದ ಜಿಲ್ಲಾವಾರು ಹೆಚ್ಚುವರಿ ಕೋಷ್ಟಕಗಳಲ್ಲಿ ‘ಹುಬ್ಬಳ್ಳಿ-ಧಾರವಾಡ ನಗರ’ ಅಂತ ಒಂದೇ ಸಾಲು. ಅದೇ ಪಟ್ಟಿಯಲ್ಲಿ ‘ಧಾರವಾಡ’ ಅಂತ ಇನ್ನೊಂದು ಸಾಲು ಇರುತ್ತದೆ. ಅದನ್ನು ಧಾರವಾಡ ಊರು ಅಂದುಕೊಂಡರೆ ಕಥೆ ಮುಗಿಯಿತು. ಅದು ಅವಳಿನಗರ ಬಿಟ್ಟು ಉಳಿದ, ಎಸ್‌ಪಿ ವ್ಯಾಪ್ತಿಯ ಜಿಲ್ಲೆ: ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ, ಅಳ್ನಾವರ, ಗರಗದ ಕಡೆಯ ಠಾಣೆಗಳು. ಧಾರವಾಡ ಊರಿನ ಸಪ್ತಾಪುರದಲ್ಲಿ ಬೈಕ್ ಕಳುವಾದರೆ ಅದು ಆ ಸಾಲಿಗೆ ಬರುವುದೇ ಇಲ್ಲ.

ಮಹಾನಗರಗಳ ಅಧ್ಯಾಯದಲ್ಲಿ ಹುಡುಕುವುದೂ ದಂಡ. ಅಲ್ಲಿರುವುದು 20 ಲಕ್ಷಕ್ಕಿಂತ ಹೆಚ್ಚು ಜನ ಇರುವ 19 ನಗರ. ಕರ್ನಾಟಕದಿಂದ ಬೆಂಗಳೂರು ಒಂದೇ. ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ, ನಮ್ಮ ಅವಳಿನಗರ ಯಾವುದೂ ಇಲ್ಲ.

ಇನ್ನು ‘ಲಕ್ಷ ಜನರಿಗೆ ಇಷ್ಟು’ ಅನ್ನುವ ದರ. ಪ್ರಕರಣಗಳ ಸಂಖ್ಯೆ ಮೇಲೆ, ಜನಸಂಖ್ಯೆ ಕೆಳಗೆ. ಎಲ್ಲರೂ ಮೇಲಿನದನ್ನು ಅನುಮಾನಿಸುತ್ತಾರೆ, ಕೆಳಗಿನದನ್ನು ಯಾರೂ ನೋಡುವುದಿಲ್ಲ. ರಾಜ್ಯಗಳಿಗೆ ಎನ್‌ಸಿಆರ್‌ಬಿ ಆಯಾ ವರ್ಷದ ಅಂದಾಜು ಜನಸಂಖ್ಯೆ ಹಾಕುತ್ತದೆ. ನಗರಗಳಿಗೆ ಮಾತ್ರ ಈಗಲೂ 2011ರ ಜನಗಣತಿ. ಬೆಂಗಳೂರಿನ ಮುಂದೆ ಇವತ್ತಿಗೂ 85.0 ಲಕ್ಷ ಅಂತಲೇ ಇದೆ. 2023ರ ವರದಿಯಲ್ಲಿ ಬೆಂಗಳೂರಿನ ಸೈಬರ್ ಪ್ರಕರಣ 17,631. 85ರಿಂದ ಭಾಗಿಸಿದರೆ ಲಕ್ಷಕ್ಕೆ 207.4. ಇವತ್ತಿನ ಜನಸಂಖ್ಯೆ 1.3 ಕೋಟಿ ಅಂತ ಹಿಡಿದರೆ 135ರ ಆಸುಪಾಸಿಗೆ ಇಳಿಯುತ್ತದೆ. ಬೇಗ ಬೆಳೆದ ಊರು ಕಾಗದದ ಮೇಲೆ ಇರುವುದಕ್ಕಿಂತ ಹೆಚ್ಚು ಕೆಟ್ಟದಾಗಿ ಕಾಣುತ್ತದೆ, ನಿಧಾನ ಬೆಳೆದದ್ದು ಅಷ್ಟು ಕೆಡುವುದಿಲ್ಲ.

ತದ್ವಿರುದ್ಧದ ಉದಾಹರಣೆ ಕೋಲ್ಕತ್ತ. 2022ರಲ್ಲಿ ಲಕ್ಷಕ್ಕೆ 86.5 ಪ್ರಕರಣ, ದೇಶದ ಅತ್ಯಂತ ಸುರಕ್ಷಿತ ನಗರ ಅಂತ ಎಲ್ಲ ಪತ್ರಿಕೆಗಳಲ್ಲೂ ಬಂತು. ಕೆಳಗಿನ ಸಂಖ್ಯೆ 141.1 ಲಕ್ಷ. ಅದು ಹೌರಾ, ಬಿಧಾನನಗರ, ಬ್ಯಾರಕ್‌ಪುರ ಎಲ್ಲ ಸೇರಿದ ನಗರಸಮೂಹದ ಜನಸಂಖ್ಯೆ. ಆ ಮೂರಕ್ಕೂ ಅವುಗಳದೇ ಪೊಲೀಸ್ ಕಮಿಷನರೇಟ್‌ಗಳಿವೆ, ಕೋಲ್ಕತ್ತ ಪೊಲೀಸರ ವ್ಯಾಪ್ತಿ ಅಷ್ಟಿಲ್ಲ. ಕೋಲ್ಕತ್ತ ಸುರಕ್ಷಿತ ಅಲ್ಲ ಅಂತಲ್ಲ. ಆ ದರವನ್ನು ಹಿಡಿದು ಪಕ್ಕದ ಹೌರಾ ಜೊತೆ ಹೋಲಿಸುವುದಕ್ಕೆ ಅರ್ಥ ಇಲ್ಲ ಅಂತ.

ಸಾಧನಕೇರಿ

ಧಾರವಾಡ ಶಹರದಾಗ ಕಾನೂನು-ಸುವ್ಯವಸ್ಥಾ ಠಾಣೆ ಮೂರ: ಶಹರ, ಉಪನಗರ, ವಿದ್ಯಾಗಿರಿ. ಹುಬ್ಬಳ್ಳಿಯೊಳಗ ಹತ್ತರ ಮ್ಯಾಲ ಅದಾವ. ಒಟ್ಟು ಸಂಖ್ಯೆ ಹುಬ್ಬಳ್ಳಿದ ಹೆಚ್ಚು ಬರತದ, ಅದರಾಗ ಏನ್ ವಿಶೇಷ?

ಗುನ್ನಾ_ನಂಬರ್

ವಿಶೇಷ ಇರೂದು ಠಾಣೆವಾರು ನೋಡಿದಾಗ್ರಿ. ಹೆಂಗ ಮಾಡಬೇಕು ಅಂತ ಪೂರಾ ಬರೀತೀನಿ, ಬೇಕಾದೋರು ಮಾಡಿ ನೋಡ್ರಿ.

ಮೊದಲ ಕೆಲಸ, ನೀವು ಹೋಲಿಸಬೇಕಂತಿರೋ ಎರಡು ಓಣಿ ಯಾವ ಠಾಣೆಗೆ ಬರತಾವ ಅಂತ ಪಕ್ಕಾ ಮಾಡ್ಕೊಳ್ಳೂದು. ವಾರ್ಡ್ ನಂಬರ್ ನಂಬಬ್ಯಾಡ್ರಿ. ಪಾಲಿಕೆ ವಾರ್ಡ್ ಮೊದಲ 67 ಇದ್ದು, 2021ರ ಚುನಾವಣೆಗೆ 82 ಆದವು. ಠಾಣೆ ಗಡಿಗೂ ವಾರ್ಡ್ ಗಡಿಗೂ ಸಂಬಂಧ ಇಲ್ಲ. ನವನಗರ ನೋಡ್ರಿ, ಎರಡೂ ಊರಿನ ನಡುವ. ಅದನ್ನ ಎತ್ತಾಗ ಹಾಕತೀರಿ ಅನ್ನೂದರ ಮ್ಯಾಲ ನಿಮ್ಮ ಲೆಕ್ಕ ಬದಲಾಗತದ. ಎತ್ತಾಗರ ಹಾಕ್ರಿ, ಎಲ್ಲಾ ವರ್ಷಕ್ಕೂ ಅತ್ತಾಗ ಹಾಕ್ರಿ.

ಆಮ್ಯಾಲ ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಾಗ ಎಫ್‌ಐಆರ್ ಹುಡುಕೋ ಪುಟ ಐತಿ. ಜಿಲ್ಲೆ, ಠಾಣೆ, ಎಫ್‌ಐಆರ್ ನಂಬರ್, ವರ್ಷ ಹಾಕಿದ್ರ ಪ್ರತಿ ಇಳಿತದ. 2016ರಾಗ ಸುಪ್ರೀಂ ಕೋರ್ಟ್ ಎಫ್‌ಐಆರ್‌ಗಳನ್ನ ಜಾಲತಾಣಕ್ಕ ಹಾಕಬೇಕಂತ ಆದೇಶ ಮಾಡಿದ ಮ್ಯಾಲ ಇದು ಎಲ್ಲಾ ರಾಜ್ಯದಾಗೂ ಬಂತು. ಗುನ್ನಾ ನಂಬರ್, ಅಂದ್ರ ಎಫ್‌ಐಆರ್ ನಂಬರ್, ಜನವರಿ 1ಕ್ಕ ಒಂದರಿಂದ ಸುರು ಆಗತದ. ಅಂದ್ರ ಡಿಸೆಂಬರ್ ಕೊನೀ ಎಫ್‌ಐಆರ್ ನಂಬರ್ ಸಿಕ್ಕರ ಆ ಠಾಣೆಯ ಆ ವರ್ಷದ ಒಟ್ಟು ಎಫ್‌ಐಆರ್ ಎಷ್ಟಂತ ಸಿಕ್ಕಂಗ. ದೊಡ್ಡ ನಂಬರ್ ಹಾಕಿ ನೋಡ್ರಿ, ಬರಲಿಲ್ಲಂದ್ರ ಅರ್ಧಕ್ಕ ಇಳೀರಿ, ಬಂತಂದ್ರ ಮ್ಯಾಲ ಏರ್ರಿ. ನಡುವ ಕೆಲವು ನಂಬರ್ ತೆರೆಯೂದಿಲ್ಲ: ಪೋಕ್ಸೊ, ಲೈಂಗಿಕ ಅಪರಾಧ, ಸೂಕ್ಷ್ಮ ಪ್ರಕರಣ. ನಂಬರ್ ಐತಿ, ಕಾಗದ ಕಾಣೂದಿಲ್ಲ. ಅವನ್ನ ‘ಇಲ್ಲ’ ಅಂತ ಬಿಡಬ್ಯಾಡ್ರಿ, ‘ಮುಚ್ಚಿದ್ದು’ ಅಂತ ಬ್ಯಾರೆ ಕಾಲಂನಾಗ ಇಡ್ರಿ. ಅದರಾಗ ಹೆಂಗಸರ, ಮಕ್ಕಳ ಮ್ಯಾಲಿನ ದೌರ್ಜನ್ಯದ ಪಾಲು ದೊಡ್ಡದಿರತದ.

ಒಟ್ಟು ಸಂಖ್ಯೆ ಅಷ್ಟ ಇಟ್ಕೊಂಡು ಕುಂತ್ರ ಏನೂ ತಿಳಿಯೂದಿಲ್ಲ. ಅದರಾಗ ಎಲ್ಲಾ ಕಲಸಿರತದ. ಅದಕ್ಕ ಪ್ರತಿ ಹತ್ತನೇ ಎಫ್‌ಐಆರ್ ಇಳಿಸ್ರಿ. ವರ್ಷಕ್ಕ 400 ಇದ್ರ 40 ಬರತಾವ, ಒಂದು ಸಂಜೀ ಕೆಲಸ. ಕಲಂ ಯಾವುದು, ಘಟನೆ ಆದ ವೇಳೆ, ಠಾಣೆಗೆ ಬಂದ ವೇಳೆ, ಸ್ಥಳ, ಠಾಣೆಯಿಂದ ದೂರ-ದಿಕ್ಕು, ಬೀಟ್ (ಪೊಲೀಸರ ಗಸ್ತಿನ ಪ್ರದೇಶ) ಹೆಸರು, ಇಷ್ಟು ಎಕ್ಸೆಲ್‌ನಾಗ ಬರ್ಕೊಳ್ರಿ. ದೂರುದಾರರ ಹೆಸರು, ಫೋನ್ ನಂಬರ್ ಬರ್ಕೊಳ್ಳಬ್ಯಾಡ್ರಿ, ಅದು ಲೆಕ್ಕಕ್ಕ ಬೇಕಾಗಿಲ್ಲ. ಇನ್ನ ಒಂದು: ಘಟನೆ ವೇಳೆಗೂ ದೂರಿನ ವೇಳೆಗೂ ನಡುವ ದಿನಗಟ್ಟಲೆ ಅಂತರ ಮ್ಯಾಲಿಂದ ಮ್ಯಾಲ ಕಾಣಿಸಿದ್ರ, ಆ ಠಾಣೆಗೆ ಮಂದಿ ಲಗೂನ ಹೋಗವಲ್ಲರು, ಇಲ್ಲಾ ಠಾಣೆಯವರು ಲಗೂನ ಬರ್ಕೊಳ್ಳವಲ್ಲರು ಅಂತ ಅನುಮಾನ ಪಡಬಹುದು. ಒಟ್ಟು ಸಂಖ್ಯೆಗಿಂತ ಇದು ಹೆಚ್ಚು ಹೇಳತದ.

ಕೆಲಗೇರಿ_ಕೆರೆ

ಭಾರಿ ಆತ್ರಿ. ಎಲ್ಲಾ ಕಲಸಿರತದ ಅಂದ್ರಲ್ಲ, ಏನೇನು?

ಗುನ್ನಾ_ನಂಬರ್

ಉದಾಹರಣೆಗೆ ‘ಕಾಣೆ’ ಪ್ರಕರಣ. ಮನಿಯಾಗ ಜಗಳಾಡಿ ಎರಡು ದಿನ ಹೋಗಿ ಬಂದೋರದ್ದೂ ಗುನ್ನಾ ನಂಬರ್ ಬಿದ್ದಿರತದ. 18 ವರ್ಷದ ಒಳಗಿನೋರು ಕಾಣೆ ಆದ್ರ ಅಪಹರಣ ಅಂತಲೇ ದಾಖಲು ಮಾಡ್ತಾರ (ಈಗಿನ ಭಾರತೀಯ ನ್ಯಾಯ ಸಂಹಿತೆ ಅಂದ್ರ ಬಿಎನ್‌ಎಸ್ 137, ಹಿಂದಿನ ಐಪಿಸಿ 363), ಯಾಕಂದ್ರ 2013ರಾಗ ಸುಪ್ರೀಂ ಕೋರ್ಟ್ ಹಂಗ ಮಾಡಬೇಕಂತ ಹೇಳೇತಿ. ಪರೀಕ್ಷೆ ಫೇಲಾಗಿ ಬೆಂಗಳೂರು ರೈಲು ಹತ್ತಿದ ಹುಡುಗನೂ ‘ಅಪಹರಣ’. ಆ ಸಂಖ್ಯೆ ಏರಿತು ಅಂದ ಕೂಡಲೆ ಮಕ್ಕಳ ಕಳ್ಳರು ಬಂದಾರ ಅಂತ ವಾಟ್ಸಾಪ್ ಸುರು ಆಗತದ.

ಮಟ್ಕಾ, ಅಂದರ್-ಬಾಹರ್ ಇನ್ನೊಂದು. ಕರ್ನಾಟಕ ಪೊಲೀಸ್ ಕಾಯ್ದೆ ಕಲಂ 78(3), ಕಲಂ 87. ಗಾಂಜಾ ಸೇದಿದೋರನ್ನ ಹಿಡದು ವೈದ್ಯಕೀಯ ತಪಾಸಣಿ ಮಾಡಿಸಿ ಮಾದಕವಸ್ತು ಕಾಯ್ದೆ ಎನ್‌ಡಿಪಿಎಸ್ 27(ಬಿ) ಹಾಕೂದು. ಇವೆಲ್ಲಾ ಪೊಲೀಸರು ತಾವಾಗಿ ಹೋಗಿ ಹಿಡದಾಗ ಅಷ್ಟ ಕಾಣಸೋ ಅಪರಾಧ. ಹೊಸಾ ಇನ್‌ಸ್ಪೆಕ್ಟರ್ ಬಂದು ಒಂದು ತಿಂಗಳು ದಾಳಿ ಮಾಡಿದ್ರ ಆ ಠಾಣೆ ‘ಅಪರಾಧ ಹೆಚ್ಚಾದ ಠಾಣೆ’ ಆಗಿಬಿಡತದ. ದಾಳಿ ಬಿಟ್ಟರ ‘ಶಾಂತ’. ಎನ್‌ಸಿಆರ್‌ಬಿಯವರು ಇದಕ್ಕಂತ ಐಪಿಸಿ-ಬಿಎನ್‌ಎಸ್ ಅಪರಾಧ ಒಂದು ಕಡೆ, ವಿಶೇಷ ಮತ್ತು ಸ್ಥಳೀಯ ಕಾನೂನಿನ ಅಪರಾಧ ಇನ್ನೊಂದು ಕಡೆ ಇಡತಾರ. ನೀವೂ ಹಂಗ ಇಡ್ರಿ.

ಇನ್ನ ಠಾಣೆಯೊಳಗ ಕಾಣದೆ ಇರೋವು: ಅಪಘಾತ ಸಂಚಾರ ಠಾಣೆಗೆ ಹೋಗತಾವ. ಸೈಬರ್ ಮೋಸ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ. ಗಂಡನ ಮನಿ ಕಿರುಕುಳದಂಥವು ಬಹಳಷ್ಟು ಮಹಿಳಾ ಠಾಣೆಗೆ. ರೈಲ್ವೆ ನಿಲ್ದಾಣದಾಗ, ಬೋಗಿಯೊಳಗ ಆದ ಕಳವು ರೈಲ್ವೆ ಪೊಲೀಸರಿಗೆ, ಅವರದ್ದು ರಾಜ್ಯಕ್ಕೆಲ್ಲ ಬ್ಯಾರೆನ ಘಟಕ. ಹುಬ್ಬಳ್ಳಿ ಅಂದ್ರ ನೈಋತ್ಯ ರೈಲ್ವೆ ಕೇಂದ್ರ ಕಚೇರಿ, 1,507 ಮೀಟರ್ ಪ್ಲಾಟ್‌ಫಾರ್ಮ್, ಹಗಲೂ ರಾತ್ರಿ ಮಂದಿ. ಅಲ್ಲಿ ಹೋದ ಬ್ಯಾಗು, ಫೋನು ಹುಬ್ಬಳ್ಳಿ ನಗರದ ಲೆಕ್ಕದಾಗ ಬರೂದಿಲ್ಲ. ಹಳ್ಳಿ ಠಾಣೆಯೊಳಗ ಅಪಘಾತನೂ ಅದರಾಗ, ಜಗಳಾನೂ ಅದರಾಗ. ಅದಕ್ಕ ಗರಗ ಠಾಣೆ ನಂಬರ್ ತಂದು ವಿದ್ಯಾಗಿರಿ ನಂಬರ್ ಪಕ್ಕ ಇಟ್ಟರ ತಪ್ಪು ಹಾದಿ ಹಿಡಿತೀರಿ.

ಜುಬಿಲಿ_ವೃತ್ತ

ಫೋನ್ ಕಳವು ಎಲ್ಲೂ ಸರಿಯಾಗಿ ಕಾಣುವುದಿಲ್ಲ. ಬಸ್ಸಿನಲ್ಲಿ ಫೋನ್ ಹೋದರೆ ಹೆಚ್ಚಿನವರು ಪೊಲೀಸರ ‘ಇ-ಲಾಸ್ಟ್’ ಸೇವೆಯಲ್ಲಿ ‘ಕಳೆದುಹೋಗಿದೆ’ ಅಂತ ಹಾಕಿ, ಆ ರಸೀದಿ ಇಟ್ಟುಕೊಂಡು ಕೇಂದ್ರದ ಸಿಇಐಆರ್ ಜಾಲತಾಣದಲ್ಲಿ ಐಎಂಇಐ (ಫೋನಿನ ಗುರುತು ಸಂಖ್ಯೆ) ಬ್ಲಾಕ್ ಮಾಡಿಸಿ, ಅದೇ ನಂಬರಿಗೆ ಹೊಸ ಸಿಮ್ ತಗೊಂಡು ಸುಮ್ಮನಾಗುತ್ತಾರೆ. ಕೆಲಸ ಬೇಗ ಆಗುತ್ತದೆ ನಿಜ. ಎಫ್‌ಐಆರ್ ಮಾತ್ರ ಇಲ್ಲ, ಅಂಕಿಯಲ್ಲಿ ಕಳವೂ ಇಲ್ಲ.

ಕಲಂ_173

2024ರ ಜುಲೈ 1ರ (ಐಪಿಸಿ ಹೋಗಿ ಬಿಎನ್‌ಎಸ್ ಬಂದ ದಿನ) ನಂತರದ ಲೆಕ್ಕ ಹಾಕುವವರು ಎರಡು ವಿಷಯ ಗಮನಿಸಿ.

ಒಂದು, ಸರಗಳ್ಳತನ. ಹಳೆಯ ಐಪಿಸಿಯಲ್ಲಿ ಕಸಿದುಕೊಳ್ಳುವುದಕ್ಕೆ ಕೇಂದ್ರ ಕಾನೂನಿನಲ್ಲಿ ಪ್ರತ್ಯೇಕ ಕಲಂ ಇರಲಿಲ್ಲ. 379 ಹಾಕಿದರೆ ಕಳವು, 392 ಹಾಕಿದರೆ ಸುಲಿಗೆ. ಬಿಎನ್‌ಎಸ್‌ನಲ್ಲಿ 304 ಅಂತ ಸ್ವತಂತ್ರ ಕಲಂ ಬಂತು. 2025ರಲ್ಲಿ ‘ಸುಲಿಗೆ ಕಡಿಮೆ ಆಯಿತು’ ಅಂತ ಯಾರಾದರೂ ಹೇಳಿದರೆ, ಅದರಲ್ಲಿ ಎಷ್ಟು 304ಕ್ಕೆ ಹೋಗಿದೆ ಅಂತ ಮೊದಲು ನೋಡಿ. ನೋಡದೆ 2023 ಮತ್ತು 2025ನ್ನು ಹೋಲಿಸಬಾರದು.

ಎರಡು, ಸಣ್ಣ ಕಳವು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು, ಮೊದಲ ಬಾರಿಯ ಅಪರಾಧಿ, ವಸ್ತು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಅನುಸೂಚಿಯಲ್ಲಿ ಅದನ್ನು ಅಸಂಜ್ಞೇಯ ಅಂತ ಇಟ್ಟಿದ್ದಾರೆ. ಅಸಂಜ್ಞೇಯ ಅಂದರೆ ಪೊಲೀಸರು ಎನ್‌ಸಿ (ನಾನ್-ಕಾಗ್ನಿಜಬಲ್) ಅಂತ ಬರೆದುಕೊಂಡು ನ್ಯಾಯಾಲಯಕ್ಕೆ ಹೋಗಿ ಅಂತ ಹಿಂಬರಹ ಕೊಡಬಹುದು. ಎಫ್‌ಐಆರ್ ನಂಬರ್ ಬೀಳುವುದಿಲ್ಲ. ಕಾನೂನು ಬದಲಾದದ್ದಕ್ಕೇ ಅಪರಾಧ ಇಳಿದಂತೆ ಕಾಣುವುದು ಹೀಗೆ.

ಜೊತೆಗೆ ಒಂದೇ ಎಫ್‌ಐಆರ್‌ನಲ್ಲಿ ಹಲವು ಕಲಂ ಇದ್ದರೆ ಎನ್‌ಸಿಆರ್‌ಬಿ ಅತಿ ಗಂಭೀರವಾದದ್ದನ್ನು ಮಾತ್ರ ಎಣಿಸುತ್ತದೆ. ಮನೆ ನುಗ್ಗಿ ಕೊಲೆ ಮಾಡಿ ಒಡವೆ ಒಯ್ದರೆ ಅದು ಒಂದು ಕೊಲೆ. ಕಳವಿನ ಕಾಲಂನಲ್ಲಿ ಸೊನ್ನೆ.

ಇಂದಿರಾ_ಗಾಜಿನಮನೆ

ಇಷ್ಟೆಲ್ಲ ಜರಡಿ ಹಿಡದ ಮ್ಯಾಲ ಯಾವ ಸಂಖ್ಯೆ ನಂಬಬೇಕ್ರಿ? ಕೊಲೆ ಅಂತಾರ ಕೆಲವರು.

ಛೇದಾಂಶ

ಮುಚ್ಚಿಡಲು ಅತಿ ಕಷ್ಟ ಇರುವುದು ಕೊಲೆ, ಅದು ಸರಿ. ಆದರೆ ನಮ್ಮ ಗಾತ್ರದ ಊರಿನಲ್ಲಿ ಅದರ ಸಂಖ್ಯೆ ಸಣ್ಣದು, ಸಣ್ಣ ಸಂಖ್ಯೆ ತಾನಾಗೇ ಕುಣಿಯುತ್ತದೆ. ಉದಾಹರಣೆಗೆ ಒಂದು ಊರಿನ ಸರಾಸರಿ ವರ್ಷಕ್ಕೆ 16 ಅಂತ ಇಟ್ಟುಕೊಳ್ಳಿ. ಇಂಥ ಎಣಿಕೆಯ ಆಕಸ್ಮಿಕ ಏರಿಳಿತಕ್ಕೆ ವರ್ಗಮೂಲ ಒಂದು ಅಂದಾಜು ಅಳತೆ: 16ರ ವರ್ಗಮೂಲ 4, ಅದರ ಎರಡರಷ್ಟು ಮೇಲೆ ಕೆಳಗೆ ಹೋದರೆ 8ರಿಂದ 24. ಪರಿಸ್ಥಿತಿ ಏನೂ ಬದಲಾಗದೆಯೂ ಈ ವರ್ಷ 12, ಮುಂದಿನ ವರ್ಷ 20 ಆಗಬಹುದು. ಪತ್ರಿಕೆಯಲ್ಲಿ ‘ಕೊಲೆ ಶೇ 67 ಏರಿಕೆ’ ಅಂತ ಬರುತ್ತದೆ. ಐದು ವರ್ಷ ಕೂಡಿಸಿ ಹೋಲಿಸಿ, ಕಡಿಮೆ ಅಲ್ಲ. ಅವಳಿನಗರವನ್ನು ಎರಡು ತುಂಡು ಮಾಡಿ ಧಾರವಾಡದ ಪಾಲನ್ನು ಮಾತ್ರ ನೋಡುತ್ತೀರಾದರೆ ಐದು ವರ್ಷವೂ ಸಾಲದು.

ನನ್ನ ಪ್ರಕಾರ ವಾಹನ ಕಳವು ಇದಕ್ಕಿಂತ ಒಳ್ಳೆಯ ಅಳತೆ. ವಿಮೆ ಹಣ ಬರಬೇಕೆಂದರೆ ಎಫ್‌ಐಆರ್ ಬೇಕೇ ಬೇಕು, ಹಾಗಾಗಿ ಎರಡೂ ಊರಿನಲ್ಲಿ ಬರೆಸಿಯೇ ಬರೆಸುತ್ತಾರೆ. ಸಂಖ್ಯೆಯೂ ತೀರ ಸಣ್ಣದಲ್ಲ. ಅದಕ್ಕೆ ಜನಸಂಖ್ಯೆಯಿಂದ ಭಾಗಿಸುವುದಕ್ಕಿಂತ ಆರ್‌ಟಿಒದಲ್ಲಿ ನೋಂದಣಿಯಾದ ದ್ವಿಚಕ್ರ ವಾಹನಗಳಿಂದ ಭಾಗಿಸುವುದು ಸರಿ. ಹುಬ್ಬಳ್ಳಿಯದು ಕೆಎ-63, ಧಾರವಾಡದ್ದು ಕೆಎ-25. ಹಳೆಯ ಹುಬ್ಬಳ್ಳಿ ಗಾಡಿಗಳಲ್ಲೂ 25 ಇರುವುದರಿಂದ ಪೂರ್ತಿ ಶುದ್ಧ ಲೆಕ್ಕ ಅಲ್ಲ, ಆದರೂ ನಡೆಯುತ್ತದೆ.

ಜನಸಂಖ್ಯೆ ಬೇಕೇ ಅಂದರೆ 2011ರಲ್ಲಿ ಪಾಲಿಕೆ ವ್ಯಾಪ್ತಿ ಸುಮಾರು 9.44 ಲಕ್ಷ. ಹೊಸ ಜನಗಣತಿಯ ಎಣಿಕೆ 2027ರ ಫೆಬ್ರುವರಿಗೆ ನಿಗದಿಯಾಗಿದೆ, ಅಲ್ಲಿಯವರೆಗೆ ಇದೇ ಗತಿ. ಅದು ಅಲ್ಲಿ ಮಲಗುವವರ ಲೆಕ್ಕ ಅನ್ನುವುದನ್ನೂ ಮರೆಯಬೇಡಿ. ದುರ್ಗದಬೈಲ್, ಕೊಪ್ಪೀಕರ್ ರಸ್ತೆ, ಎಪಿಎಂಸಿಗೆ ಗದಗ, ಹಾವೇರಿ ಕಡೆಯಿಂದ ಬಂದು ಸಂಜೆ ವಾಪಸ್ ಹೋಗುವವರು ಭಾಗಾಕಾರದಲ್ಲಿ ಇಲ್ಲ. ಅವರ ಜೇಬು ಕತ್ತರಿಸಿದ ಪ್ರಕರಣ ಮಾತ್ರ ಹುಬ್ಬಳ್ಳಿಯದು. ಮಾರುಕಟ್ಟೆ ಊರುಗಳೆಲ್ಲ ಈ ಕಾರಣಕ್ಕೇ ಸ್ವಲ್ಪ ಕೆಟ್ಟದಾಗಿ ಕಾಣುತ್ತವೆ.

ಸಾಧನಕೇರಿ

ಲೆಕ್ಕ ಏನರ ಇರ್ಲಿ, 2024ರ ಏಪ್ರಿಲ್-ಮೇ ಒಳಗ ಹುಬ್ಬಳ್ಳಿಯೊಳಗ ಒಂದು ತಿಂಗಳ ಅಂತರದಾಗ ಇಬ್ಬರು ಯುವತಿಯರ ಕೊಲೆ ಆತು. ಒಂದು ಕಾಲೇಜ್ ಆವರಣದಾಗ, ಇನ್ನೊಂದು ಮನಿಯೊಳಗ. ಮಂದಿ ಹೆದರೂದು ತಪ್ಪೇನ್ರಿ?

ಕಲಂ_173

ತಪ್ಪಲ್ಲ. ಎರಡನೆಯದರಲ್ಲಿ ಬೆದರಿಕೆ ಬಗ್ಗೆ ಮೊದಲೇ ತಿಳಿಸಿದ್ದರೂ ಹಗುರವಾಗಿ ತೆಗೆದುಕೊಂಡರು ಅಂತ ಪೊಲೀಸರ ಅಮಾನತೂ ಆಯಿತು. ಆದರೆ ಅದರಿಂದ ‘ಹುಬ್ಬಳ್ಳಿ ಬೇಡ, ಧಾರವಾಡ ಇರಲಿ’ ಅನ್ನುವ ತೀರ್ಮಾನಕ್ಕೆ ದಾರಿ ಇಲ್ಲ. ಎರಡೂ ಕಡೆ ಒಂದೇ ಕಮಿಷನರೇಟ್, ಒಂದೇ ಪದ್ಧತಿ. ಉಪಯೋಗಕ್ಕೆ ಬರುವುದು ದೂರು ಕೊಡುವ ರೀತಿ, ಅದನ್ನು ಬಿಡಿಸಿ ಹೇಳುತ್ತೇನೆ.

‘ಬೆದರಿಕೆ ಹಾಕುತ್ತಿದ್ದಾನೆ’ ಅಂತ ಒಂದೇ ಸಾಲು ಬರೆದರೆ ಅದು ಬಿಎನ್‌ಎಸ್ 351. ಕೇಂದ್ರದ ಅನುಸೂಚಿಯಲ್ಲಿ ಅದು ಅಸಂಜ್ಞೇಯ. ಠಾಣೆಯವರು ಅರ್ಜಿ ಅಂತ ಇಟ್ಟುಕೊಂಡು, ಇಬ್ಬರನ್ನೂ ಕರೆಸಿ ಬುದ್ಧಿ ಹೇಳಿ ಕಳಿಸುತ್ತಾರೆ. ಅದೇ ಹುಡುಗ ಹಿಂಬಾಲಿಸುವುದು, ಬೇಡ ಅಂದರೂ ಮತ್ತೆ ಮತ್ತೆ ಫೋನ್, ಮೆಸೇಜ್ ಮಾಡುವುದು ಇದ್ದರೆ ಅದು ಕಲಂ 78, ಸಂಜ್ಞೇಯ, ಅಂದರೆ ನ್ಯಾಯಾಲಯದ ಅಪ್ಪಣೆ ಕಾಯದೆ ಪೊಲೀಸರೇ ತನಿಖೆ ಮಾಡುವಂಥದ್ದು. ಎಫ್‌ಐಆರ್ ಮಾಡಬೇಕು ಅಂತ ಸುಪ್ರೀಂ ಕೋರ್ಟ್‌ನ 2013ರ ಲಲಿತಾ ಕುಮಾರಿ ತೀರ್ಪು ಇದೆ. ಹಾಗಾಗಿ ದೂರಿನಲ್ಲಿ ದಿನಾಂಕ, ವೇಳೆ, ಜಾಗ ಹಾಕಿ: ಯಾವ ದಿನ ಯಾವ ಸ್ಟಾಪಿನಿಂದ ಎಲ್ಲಿಯವರೆಗೆ ಹಿಂದೆ ಬಂದ, ಯಾವ ನಂಬರಿನಿಂದ ಎಷ್ಟು ಕರೆ, ‘ಬೇಡ’ ಅಂತ ಹೇಳಿದ್ದು ಯಾವಾಗ. ಸ್ಕ್ರೀನ್‌ಶಾಟ್‌ನಲ್ಲಿ ನಂಬರ್ ಮತ್ತು ದಿನಾಂಕ ಎರಡೂ ಕಾಣಬೇಕು, ಸೇವ್ ಮಾಡಿದ ಹೆಸರು ಮಾತ್ರ ಕಂಡರೆ ಸಾಲದು.

ಠಾಣೆಗೆ ಹೋಗಲು ಕಷ್ಟ ಆದರೆ ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲೂ ಕಳಿಸಬಹುದು. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಕಾನೂನು) 173ರ ಪ್ರಕಾರ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಘಟನೆ ಹುಬ್ಬಳ್ಳಿಯಲ್ಲಿ ಆಗಿ ನೀವು ಧಾರವಾಡದಲ್ಲಿದ್ದರೆ ಧಾರವಾಡದ ಠಾಣೆಯೇ ಝೀರೋ ಎಫ್‌ಐಆರ್ ಮಾಡಿ ವರ್ಗಾಯಿಸಬೇಕು. ‘ನಮ್ಮ ಹದ್ದಿಗೆ ಬರಲ್ಲ’ ಅನ್ನುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಡಿಸಿಪಿಗೆ ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಆ ರಸೀದಿ ಇಲ್ಲದೆ ಮ್ಯಾಜಿಸ್ಟ್ರೇಟ್ ಮುಂದೆ ಹೋದರೆ ವಾಪಸ್ ಕಳಿಸುತ್ತಾರೆ. ಬಹಳ ಜನ ಎಡವುವುದು ಅಲ್ಲೇ. ತುರ್ತು ಇದ್ದರೆ ಮೊದಲು 112, ಆಮೇಲೆ ಕಾಗದ.

ಚಿಗರಿ_ಹತ್ತಿದಾಂವ

ಎರಡೂ ಊರಿಗೆ ಕೂಡೇ ಇರೋ ಜಾಗ ಅಂದ್ರ ಬಸ್ಸು. ಸರ, ಪರ್ಸು ಹೋಗೂದು ಓಡೋ ಬಸ್ಸಿನಾಗ ಕಡಿಮಿ, ಹತ್ತೋವಾಗ ಹೆಚ್ಚು. 2023ರ ಜೂನ್‌ನಾಗ ಶಕ್ತಿ ಯೋಜನೆ ಬಂದ ಮ್ಯಾಲ ಬಾಗಲದಾಗ ನೂಕುನುಗ್ಗಲು ಹೆಚ್ಚಾಗೇತಿ. ಪದ್ಧತಿ ಒಂದ: ಇಬ್ಬರು ಮುಂದ ನಿಂತು ಹತ್ತದ ತಡ ಮಾಡತಾರ, ಹಿಂದಿನಾಕಿ ಕೈ ಹಾಕತಾಳ, ಮೂರನೇದಾಕಿಗೆ ದಾಟಸ್ತಾಳ. ಹಿಡದಾಗ ಮೈಮ್ಯಾಲ ಏನೂ ಇರೂದಿಲ್ಲ. ಬಂಗಾರ ವ್ಯಾನಿಟಿ ಬ್ಯಾಗಿನ ಹೊರಗಿನ ಝಿಪ್ಪಿನಾಗ ಇಡಬ್ಯಾಡ್ರಿ. ಮದುವಿಗೆ ಹೋಗೋರು ಕೈಚೀಲದ ತಳಕ್ಕ ಡಬ್ಬಿಯೊಳಗ ಇಟ್ಟು, ಚೀಲ ಮುಂದ ಹಿಡೀರಿ.

ಹುಬ್ಬಳ್ಳಿ ಹಳೇ ಬಸ್ ನಿಲ್ದಾಣದಾಗ ಹತ್ತಿ ಧಾರವಾಡದಾಗ ಇಳಿದ ಮ್ಯಾಲ ಗೊತ್ತಾದ್ರ ಯಾವ ಠಾಣೆ ಅಂತ ಓಡಾಡಬ್ಯಾಡ್ರಿ, ಪ್ರಯಾಣದಾಗ ಆದ ಅಪರಾಧಕ್ಕ ದಾರಿಯೊಳಗಿನ ಯಾವ ವ್ಯಾಪ್ತಿಯೊಳಗರ ನಡಿತದ. ಟಿಕೆಟ್ ಒಗೀಬ್ಯಾಡ್ರಿ. ಶೂನ್ಯ ಟಿಕೆಟ್ ಆದ್ರೂ ಸೈ, ಅದರಾಗ ಬಸ್ ಮತ್ತು ವೇಳೆ ಇರತದ, ಕ್ಯಾಮೆರಾ ನೋಡಾಕ ಬೇಕಾಗೂದು ಅದ.

ಇಂದಿರಾ_ಗಾಜಿನಮನೆ

ಸುರಕ್ಷತೆ ಅಂದ್ರ ಬರೇ ಕಳ್ಳರ? ಗಬ್ಬೂರಿಂದ ನರೇಂದ್ರತನಕ ಹುಬ್ಬಳ್ಳಿ-ಧಾರವಾಡ ಬೈಪಾಸ್ ಎಷ್ಟು ಮಂದಿನ್ನ ತಿಂದೇತಿ.

ಛೇದಾಂಶ

ಸರಿಯಾಗಿ ಹೇಳಿದಿರಿ. ಎರಡೂ ಕಡೆ ನಾಲ್ಕು ಪಥದ ಹೆದ್ದಾರಿ ಬಂದು ನಡುವೆ ಸುಮಾರು 30 ಕಿ.ಮೀ. ಎರಡೇ ಪಥ ಇತ್ತು, ವಿಭಜಕ ಇರಲಿಲ್ಲ. ವೇಗದಲ್ಲಿ ಬಂದವನು ಅದೇ ವೇಗದಲ್ಲಿ ಎದುರಿನ ಪಥಕ್ಕೆ ನುಗ್ಗುತ್ತಿದ್ದ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯ ಮಹಿಳೆಯರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾದದ್ದು ಈ ರಸ್ತೆಯಲ್ಲೇ. ಅಗಲ ಮಾಡುವ ಕೆಲಸ ಆಮೇಲೆ ಶುರುವಾಯಿತು. ಈ ಬೈಪಾಸಿನ ಒಂದು ಭಾಗ ಗ್ರಾಮೀಣ ಠಾಣೆಯದು, ಅಂದರೆ ಅಲ್ಲಿನ ಸಾವು ‘ಅವಳಿನಗರ’ದ ಅಂಕಿಯಲ್ಲಿ ಇರುವುದಿಲ್ಲ. ರಾತ್ರಿ ಎರಡು ಊರಿನ ನಡುವೆ ಓಡಾಡುವವರು ಕಳ್ಳರ ಭಯಕ್ಕೆ ಒಳರಸ್ತೆ ಬಿಟ್ಟು ಬೈಪಾಸ್ ಹಿಡಿಯುವುದು ನನಗಂತೂ ತಲೆಕೆಳಗಾದ ಲೆಕ್ಕ. ಒಳಗೆ ಬೀದಿದೀಪ ಇದೆ, ಚಿಗರಿ (ಬಿಆರ್‌ಟಿಎಸ್ ಬಸ್) ಸ್ಟಾಪುಗಳಿವೆ, ಜನ ಇದ್ದಾರೆ.

ಗಣೇಶಪುರ_ಗಲ್ಲಿ

ಬೆಳಗಾವಿ ಕೇಳಿದ್ದಿರಿ. ಇಲ್ಲಿ ಕಮಿಷನರೇಟ್ ಆದದ್ದು 2014ರಲ್ಲಿ. ಅದಕ್ಕಿಂತ ಹಿಂದಿನ ಅಂಕಿ ಇಡೀ ಬೆಳಗಾವಿ ಜಿಲ್ಲೆಯದು, ಆದ್ದರಿಂದ ಹತ್ತು-ಹದಿನೈದು ವರ್ಷದ ಗೆರೆ ಎಳೆಯಲು ಹೋಗಬೇಡಿ. ಇನ್ನೊಂದು, ಕಮಿಷನರೇಟ್‌ನಲ್ಲಿ ಕಾಕತಿ, ಮಾರಿಹಾಳದಂಥ ಹಳ್ಳಿ ಕಡೆಯ ಠಾಣೆಗಳೂ ಇವೆ. ಪಾಲಿಕೆಯ 2011ರ ಜನಸಂಖ್ಯೆ ಸುಮಾರು 4.9 ಲಕ್ಷ. ಪ್ರಕರಣ ಇಡೀ ಕಮಿಷನರೇಟ್‌ದು, ಭಾಗಿಸುವುದು ಪಾಲಿಕೆಯಿಂದ ಅಂದರೆ ಬೆಳಗಾವಿ ಸುಮ್ಮಸುಮ್ಮನೆ ಭಯಂಕರ ಊರಾಗುತ್ತದೆ. ಮೇಲೆ ಹೇಳಿದ ಕೋಲ್ಕತ್ತದ ತಪ್ಪಿನ ತಿರುಗಾಮುರುಗ. ಹಳ್ಳಿ ಠಾಣೆಗಳನ್ನು ತೆಗೆದು, ಮಾರ್ಕೆಟ್, ಖಡೇಬಜಾರ್, ಕ್ಯಾಂಪ್, ಶಹಾಪುರ, ಟಿಳಕವಾಡಿ, ಮಾಳಮಾರುತಿ ಥರದವನ್ನು ಮಾತ್ರ ಇಟ್ಟುಕೊಂಡರೆ ಹುಬ್ಬಳ್ಳಿಯ ಜೊತೆ ಕೂರಿಸಬಹುದು.

ಕೆಲಗೇರಿ_ಕೆರೆ

ಇಷ್ಟು ಓದಿದ ಮ್ಯಾಲ ಊರು-ಊರು ಹೋಲಿಸೂದು ಬಿಟ್ಟು ಓಣಿ-ಓಣಿ ನೋಡೂದು ಛಲೋ ಅನಿಸಾಕತ್ತೇತಿ. ಸಪ್ತಾಪುರ ಕಡೆ ಹೆಣ್ಣುಮಕ್ಕಳ ಪಿಜಿ, ಹುಬ್ಬಳ್ಳಿ ವಿದ್ಯಾನಗರ ಕಡೆ ಪಿಜಿ, ಎರಡರಾಗ ಏನೇನು ನೋಡಬೇಕು?

ಜುಬಿಲಿ_ವೃತ್ತ

ಹಗಲು ಹೋಗಿ ಮುಂಗಡ ಕೊಡಬೇಡಿ. ಕೋಚಿಂಗ್ ಅಥವಾ ಲೈಬ್ರರಿ ಬಿಡುವ ವೇಳೆ, ಅಂದರೆ ರಾತ್ರಿ 9ರ ನಂತರ, ಅಲ್ಲಿಂದ ಪಿಜಿ ಗೇಟಿನವರೆಗೆ ನಡೆದುಕೊಂಡು ಹೋಗಿ. ಮುಖ್ಯ ರಸ್ತೆ ಬಿಟ್ಟು ಒಳಗೆ ತಿರುಗಿದ ಮೇಲಿನ ಇನ್ನೂರು ಮುನ್ನೂರು ಮೀಟರ್ ನೋಡಿ: ಎಷ್ಟು ದೀಪ ಉರಿಯುತ್ತಿವೆ, ತೆರೆದಿರುವ ಅಂಗಡಿ ಇದೆಯೇ, ಖಾಲಿ ಸೈಟು, ಅರ್ಧ ಕಟ್ಟಿದ ಕಟ್ಟಡ ಎಷ್ಟು. ಸಪ್ತಾಪುರದಲ್ಲಿ ತಡರಾತ್ರಿವರೆಗೆ ಓದುವ ಹುಡುಗ-ಹುಡುಗಿಯರ ಓಡಾಟ ಇರುತ್ತದೆ, ಅದೇ ಒಂದು ಕಾವಲು. ಪರೀಕ್ಷೆ ಮುಗಿದು ಎಲ್ಲ ಊರಿಗೆ ಹೋದ ವಾರದಲ್ಲಿ ಅದೇ ಗಲ್ಲಿ ಬೇರೆ ಆಗಿರುತ್ತದೆ, ಪಿಜಿಯಲ್ಲಿ ಉಳಿಯುವವರು ಆಗ ಎಷ್ಟು ಜನ ಅಂತ ಕೇಳಿ.

ಕ್ಯಾಮೆರಾ ಇದೆ ಅಂದರೆ ಸಾಲದು. ‘ಹೋದ ವಾರದ ಇದೇ ವೇಳೆಯದು ತೋರಿಸಿ’ ಅನ್ನಿ. ಹೆಚ್ಚು ಜನ ಸೇರುವ ಸಂಸ್ಥೆಗಳು 30 ದಿನದ ದೃಶ್ಯ ಉಳಿಸಬೇಕು ಅಂತ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಲ್ಲಿದೆ. ಹಾರ್ಡ್‌ಡಿಸ್ಕ್ ಸಣ್ಣದಿದ್ದರೆ ನಾಲ್ಕೈದು ದಿನಕ್ಕೇ ಅಳಿಸಿಕೊಂಡು ಹೋಗುತ್ತದೆ, ದೂರು ಕೊಡುವ ಹೊತ್ತಿಗೆ ಏನೂ ಇರುವುದಿಲ್ಲ. ಕ್ಯಾಮೆರಾ ಮುಖ ಗೇಟಿನ ಹೊರಗೆ ರಸ್ತೆಗೂ ಇರಬೇಕು. ಅಡುಗೆಯವರು, ವಾಚ್‌ಮನ್ ಇವರ ಪೊಲೀಸ್ ಪರಿಶೀಲನೆ ಆಗಿದೆಯೇ ಕೇಳಿ, ಕಾಗದ ತೋರಿಸಲು ಹೇಳಿ. ಟೆರೇಸ್ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ ನೋಡಿ. ಬೀಗ ಒಂದೇ ಇದ್ದರೆ ಬೆಂಕಿ ಬಿದ್ದಾಗ ಸಿಕ್ಕಿಹಾಕಿಕೊಳ್ಳುತ್ತಾರೆ, ಏನೂ ಇಲ್ಲದಿದ್ದರೆ ಪಕ್ಕದ ಮಾಳಿಗೆಯಿಂದ ಇಳಿಯುತ್ತಾರೆ.

ಗುನ್ನಾ_ನಂಬರ್

ಅದಕ್ಕ ಒಂದು ಸೇರಸ್ತೀನಿ. ಮ್ಯಾಲ ಹೇಳಿದ 40 ಎಫ್‌ಐಆರ್ ಒಳಗ ನಿಮ್ಮ ಪಿಜಿ ಬೀಟಿನವು ಅಷ್ಟ ಆರಿಸಿ ನೋಡ್ರಿ. ಮನೆಗಳವು ಹಗಲು ಹೆಚ್ಚೋ ರಾತ್ರಿ ಹೆಚ್ಚೋ ಅನ್ನೂದು ದೊಡ್ಡ ಸುಳಿವು. ಹಗಲು ಹೆಚ್ಚಿದ್ದರ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕ ಹೋಗೋ ಬಡಾವಣಿ. ಅಲ್ಲಿ ಕಿಡಕಿ ಸರಳಿಗಿಂತ ಮುಂಬಾಗಿಲ ಕೊಂಡಿ ಗಟ್ಟಿ ಇರಬೇಕು, ಹೊರಗ ಜೋತಾಡೋ ಬೀಗ ಇರಬಾರದು. ಅದನ್ನ ನೋಡೇ ಮನಿಯಾಗ ಯಾರೂ ಇಲ್ಲ ಅಂತ ಲೆಕ್ಕ ಹಾಕತಾರ, ಕಬ್ಬಿಣ ರಾಡಿಗೆ ಕೊಂಡಿ ಒಂದು ನಿಮಿಷ ತಡಿಯೂದಿಲ್ಲ. ಬಾಗಿಲೊಳಗ ಕೂಡಿಸಿದ ಲಾಕ್ ಹಾಕಸ್ರಿ. ರಾತ್ರಿ ಹೆಚ್ಚಿದ್ದರ ಊರಿಗೆ ಹೋದ ಮನಿ ಹುಡುಕಾಕತ್ತಾರ ಅಂತ. ರಜಾಕ್ಕ ಹೋಗೋವಾಗ ಠಾಣೆಗೆ ಹೇಳಿ ಬೀಟಿನವರಿಗೆ ವಿಳಾಸ ಕೊಡ್ರಿ, ಹಾಲು, ಪೇಪರ್ ನಿಲ್ಲಸ್ರಿ.

ಚಿಗರಿ_ಹತ್ತಿದಾಂವ

ಗಾಡಿ ಕಳವಿನ ಎಫ್‌ಐಆರ್ ಬಗ್ಗೆ ಒಂದು ಕೇಳೂದೈತಿ. ಎಫ್‌ಐಆರ್ ಆಗಿ ಮೂರು ತಿಂಗಳಾದ್ರೂ ವಿಮಾದವರು ‘ಸಿ ರಿಪೋರ್ಟ್ ತರ್ರಿ’ ಅಂತಾರ. ಏನದು?

ಕಲಂ_173

ಕರ್ನಾಟಕದಲ್ಲಿ ತನಿಖೆ ಮುಗಿದಾಗ ‘ಎ’ ಅಂದರೆ ದೋಷಾರೋಪ ಪಟ್ಟಿ, ‘ಬಿ’ ಅಂದರೆ ಸುಳ್ಳು ಅಥವಾ ತಪ್ಪು ತಿಳಿವಳಿಕೆ, ‘ಸಿ’ ಅಂದರೆ ಪತ್ತೆಯಾಗಲಿಲ್ಲ. ವಿಮೆಗೆ ಬೇಕಾದ್ದು ‘ಸಿ’. ಅದನ್ನು ಠಾಣೆಯಿಂದ ನ್ಯಾಯಾಲಯಕ್ಕೆ ಸಲ್ಲಿಸುತ್ತಾರೆ, ನೀವು ದೃಢೀಕೃತ ಪ್ರತಿ ಪಡೆಯಬೇಕು. ಎಫ್‌ಐಆರ್ ನಂಬರ್ ಬರೆದು ಠಾಣಾಧಿಕಾರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಕಳವಾದ ದಿನವೇ ವಿಮೆ ಕಂಪನಿಗೆ ಇಮೇಲ್ ಹೋಗಿರಬೇಕು, ತಡ ಮಾಡಿದ್ದೇ ಕಾರಣ ಅಂತ ಕ್ಲೇಮ್ ತಳ್ಳುವುದು ಸಾಮಾನ್ಯ. ಎರಡೂ ಬೀಗದಕೈ, ಮೂಲ ಆರ್‌ಸಿ ಕೇಳುತ್ತಾರೆ. ಒಂದು ಕೀ ಕಳೆದುಹೋಗಿದ್ದರೆ ಅದನ್ನು ಎಫ್‌ಐಆರ್ ಹೇಳಿಕೆಯಲ್ಲೇ ಬರೆಸಿ. ಆಮೇಲೆ ಹೇಳಿದರೆ ಗಾಡಿಯಲ್ಲೇ ಕೀ ಬಿಟ್ಟಿದ್ದಿರಿ ಅನ್ನುತ್ತಾರೆ. ಆರ್‌ಟಿಒಗೂ ಒಂದು ಪತ್ರ ಕೊಟ್ಟು ವರ್ಗಾವಣೆ ತಡೆಯಲು ಕೇಳಿ, ಇಲ್ಲವಾದರೆ ನಕಲಿ ಕಾಗದ ಇಟ್ಟು ಮಾರಿಬಿಡುವ ಸಾಧ್ಯತೆ ಇದೆ.